ಮೂರೇ ಮೂರು ಪ್ರಾಣ

ಮೊನ್ನೆ ಬೆಳಿಗ್ಗೆ ಸಾರಿಗೆ ಬೇಳೆ ತೆಗೆಯೋಣವೆಂದು ತೊಗರಿಬೇಳೆ ಡಬ್ಬಿಗೆ ಕೈ ಹಾಕಿದರೆ ಒಂದು ಮೊಬೈಲ್ ಫೋನು ಸಿಕ್ಕಿತು. ನಿಮ್ಮ ಮನೆಯಲ್ಲಾಗಿದ್ದರೆ ನೀವು ಕಿರುಚಿಕೊಳ್ಳುತ್ತಿದ್ದಿರೋ ಏನೋ. ನಾನು ಅದನ್ನು ಎತ್ತಿ, ಅಂಟಿದ ಬೇಳೆ ಕೊಡವಿ, ಮಿಕ್ಸಿಯ ಪಕ್ಕ ಇಟ್ಟು ನನ್ನ ಕೆಲಸ ನೋಡಿಕೊಂಡೆ. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂತಿಟ್ಟರೆ ತೇವ ಹೀರಿಕೊಳ್ಳುತ್ತದೆ ಎಂಬ ವೈದ್ಯವನ್ನು ನೀವೂ ಕೇಳಿರುತ್ತೀರಿ. ನಮ್ಮ ಮನೆಯವರು ಅದನ್ನು ಸುಧಾರಿಸಿ ಬೇಳೆಗೆ ತಂದಿದ್ದಾರೆ. "ಅಕ್ಕೀಲಿ ಧೂಳು ಜಾಸ್ತಿ ಕಣೇ, ಚಾರ್ಜಿಂಗ್ ತೂತಿಗೆ ಹೋಗುತ್ತೆ" ಎನ್ನುತ್ತಾರೆ. ನಾವು ಇಷ್ಟು ವರ್ಷ ತಿಂದ ಅಕ್ಕಿಯಲ್ಲಿ ಧೂಳಿದೆ ಎಂಬುದು ಅವರಿಗೆ ಹೊಳೆದದ್ದು ಫೋನಿನ ಆರೋಗ್ಯ ಕೆಟ್ಟಾಗ.

ನಮ್ಮ ಮನೆಯವರ ಹೆಸರು ರವಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಅಲ್ಲಿ ಅವರನ್ನು ಯಾರೂ ಏನೂ ಕೇಳುವುದಿಲ್ಲವೆಂದು ಕಾಣುತ್ತದೆ, ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಮಾತ್ರ ಅವರು ದೊಡ್ಡ ಡಾಕ್ಟರು. ಅವರ ಸ್ಪೆಷಾಲಿಟಿ ಮಾಡ್ ಆ್ಯಪ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಾಸು ಕೊಟ್ಟು ಕೊಳ್ಳಬೇಕಾದ ಆ್ಯಪಿನ ಬೀಗವನ್ನು ಎಲ್ಲೋ ಕೂತ ಒಬ್ಬ ಪುಣ್ಯಾತ್ಮ ಮುರಿದು, ಜಾಹೀರಾತು ಕಿತ್ತುಹಾಕಿ, ಪುಕ್ಕಟೆ ಹಂಚುತ್ತಾನೆ. ಅದೇ ಮಾಡ್. ಆ ಪುಣ್ಯಾತ್ಮನಿಗೆ ಇದರಿಂದೇನು ಲಾಭ ಎಂದು ನಾನೊಮ್ಮೆ ಕೇಳಿದ್ದೆ. "ಸೇವೆ ಕಣೇ, ಸೇವೆ" ಎಂದರು. ತರಕಾರಿಯವನು ಒಂದು ಕಟ್ಟು ಕೊತ್ತಂಬರಿ ಸುಮ್ಮನೆ ಹಾಕಿದರೆ ತೂಕದಲ್ಲಿ ಏನೋ ಮೋಸ ಮಾಡಿದ್ದಾನೆ ಎಂದು ಅನುಮಾನಿಸುವ ಮನುಷ್ಯ, ಇನ್ಯಾವುದೋ ದೇಶದ ಅಪರಿಚಿತನಿಗೆ ಫೋನಿನ ಸಕಲ ಪರ್ಮಿಷನ್ನುಗಳನ್ನೂ ಅಲೋ, ಅಲೋ, ಅಲೋ ಎಂದು ಧಾರೆ ಎರೆದು ಕೊಡುತ್ತಾರೆ.

ರೋಗಿಗಳು ಭಾನುವಾರ ಬರುತ್ತಾರೆ. ಎದುರುಮನೆಯ ಸರೋಜಾ ಆಂಟಿ ಮೊದಲು.

"ರವಿ, ಮತ್ತೆ ಓಪನ್ನೇ ಆಗ್ತಿಲ್ಲಪ್ಪ. ಬಿಳೀ ಸ್ಕ್ರೀನ್ ಬಂದು ನಿಂತ್ಬಿಡುತ್ತೆ."

"ಅಪ್‌ಡೇಟ್ ಒತ್ತಿದ್ರಾ ಆಂಟಿ?"

"ಅದೇ ಕೇಳ್ತು, ಒತ್ತಿದೆ."

"ಒತ್ತಬಾರದು ಅಂತ ಹೇಳಿರ್ಲಿಲ್ವಾ!"

ಪಥ್ಯ ಮುರಿದ ರೋಗಿಯ ಮುಂದೆ ಡಾಕ್ಟರು ಮಾಡುವ ಮುಖವನ್ನು ಮಾಡಿ, ಫೋನು ಇಸಿದುಕೊಂಡು, ಕ್ಯಾಶ್ ಕ್ಲಿಯರ್ ಎಂದು ಅದರೊಳಗೆ ಕೂಡಿಬಿದ್ದ ಕಸ ಗುಡಿಸುತ್ತಾರೆ. ಗುಣವಾಗದಿದ್ದರೆ ಅನ್‌ಇನ್‌ಸ್ಟಾಲ್. ಅದಕ್ಕೂ ಬಗ್ಗದಿದ್ದರೆ ಫೋನ್ ಆಫ್ ಮಾಡಿ ಆನ್ ಮಾಡುವುದು. ಎಲ್ಲ ಕಾಯಿಲೆಗೂ ಇದೇ ಔಷಧಿ. ಗುಣವಾದರೆ ಡಾಕ್ಟರ ಕೈಗುಣ, ಆಗದಿದ್ದರೆ ನಿಮ್ಮ ಫೋನು ಹಳೆಯದು.

ಪಂಚಾಂಗದ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಒಮ್ಮೆ ನಮ್ಮವರು ಪಂಚಾಂಗದ ಆ್ಯಪೊಂದರ ಪ್ರೀಮಿಯಂ ಮಾಡ್ ಪತ್ತೆ ಹಚ್ಚಿ, ಬೀದಿಯ ಅಷ್ಟೂ ಫೋನುಗಳಿಗೆ ಹಾಕಿಕೊಟ್ಟರು. ರಾಹುಕಾಲಕ್ಕೆ ಗಂಟೆ ಬಾರಿಸುತ್ತಿತ್ತು, ಏಕಾದಶಿಗೆ ಮುಂಚಿನ ದಿನವೇ ಎಚ್ಚರಿಸುತ್ತಿತ್ತು. ಎಲ್ಲರಿಗೂ ಖುಷಿಯೋ ಖುಷಿ. ವೈಕುಂಠ ಏಕಾದಶಿ ಬಂತು. ನಾನು, ಅತ್ತೆ, ಸರೋಜಾ ಆಂಟಿ, ಮೇಲಿನ ಪೋರ್ಷನ್ನಿನವರು, ಎಲ್ಲರೂ ಒಪ್ಪತ್ತು ಅವಲಕ್ಕಿಯಲ್ಲಿ ಕಳೆದು ಸಂಜೆ ಮಡಿಯುಟ್ಟು ದೇವಸ್ಥಾನಕ್ಕೆ ಹೋದರೆ, ಅಲ್ಲಿ ಅರ್ಚಕರು ಏಣಿ ಹತ್ತಿ ಸೀರಿಯಲ್ ಸೆಟ್ ದೀಪ ಕಟ್ಟುತ್ತಿದ್ದಾರೆ. "ಏನಮ್ಮ ಎಲ್ಲ ಒಟ್ಟಿಗೆ ಬಂದ್ಬಿಟ್ರಿ? ಏಕಾದಶಿ ನಾಳೆ ಅಲ್ವಾ?" ಬೀಗ ಮುರಿದ ಪುಣ್ಯಾತ್ಮ ಆ್ಯಪಿನ ಊರನ್ನು ಅಮೆರಿಕದ ಯಾವುದೋ ಪಟ್ಟಣಕ್ಕೆ ಕಟ್ಟಿಹಾಕಿದ್ದನಂತೆ. ನಾವು ಆ ಊರಿನ ಏಕಾದಶಿ ಮಾಡಿ ಮುಗಿಸಿದ್ದೆವು. ಮಾರನೆಯ ದಿನ ಮತ್ತೆ ಉಪವಾಸವೆಂದಾಗ ಸರೋಜಾ ಆಂಟಿ ನಮ್ಮ ಗೇಟಿನ ಮುಂದೆ ನಿಂತು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಆದರೂ ಮುಂದಿನ ಭಾನುವಾರ ಬೇರೆ ಆ್ಯಪ್ ಕೇಳಿಕೊಂಡು ಅವರೇ ಮೊದಲು ಬಂದರು. ಪುಕ್ಕಟೆಯ ಮೇಲೆ ಯಾರಿಗೂ ಹೆಚ್ಚು ದಿನ ಸಿಟ್ಟಿರುವುದಿಲ್ಲ ನೋಡಿ.

ಇದಿಷ್ಟೇ ಆಗಿದ್ದರೆ ಹೇಗೋ ಸಂಸಾರ ನಡೆಯುತ್ತಿತ್ತು. ಇದರ ಜೊತೆಗೆ ಎಮ್ಯುಲೇಟರ್ ಎಂಬ ಇನ್ನೊಂದು ಗೀಳು ಹತ್ತಿತು. ಎಮ್ಯುಲೇಟರ್ ಎಂದರೆ, ನನಗೆ ಅರ್ಥವಾದಷ್ಟರಲ್ಲಿ, ಒಂದು ಯಂತ್ರ ತನ್ನನ್ನು ಬೇರೆ ಯಂತ್ರವೆಂದು ನಂಬಿಕೊಂಡು ನಡೆಯುವುದು. ಇಂಥವರು ನಾನು ಕೆಲಸ ಮಾಡುವ ಆಫೀಸಿನಲ್ಲೂ ಇದ್ದಾರೆ. ಅದರೊಳಗೆ ತೊಂಬತ್ತರ ದಶಕದ ಟಿವಿ ಗೇಮುಗಳು ಮತ್ತೆ ಜೀವ ತಳೆಯುತ್ತವೆ. ನಮ್ಮವರ ಪ್ರಾಣ ಇದ್ದದ್ದು ಒಂದು ಟ್ಯಾಂಕ್ ಆಟದ ಮೇಲೆ. ಪರದೆಯ ತಳದಲ್ಲಿ ನಮ್ಮ ಕೋಟೆ, ಸುತ್ತ ಇಟ್ಟಿಗೆ ಗೋಡೆ, ಮೇಲಿನಿಂದ ಶತ್ರುಗಳ ಟ್ಯಾಂಕು. ಕೋಟೆಗೆ ಒಂದು ಗುಂಡು ಬಿದ್ದರೆ ಆಟ ಮುಗಿಯಿತು. ಇದನ್ನು ಅವರು ಹಳೇ ಫೋನಿಗೆ ಹಾಕಿದರು, ಟಿವಿಗೆ ಹಾಕಿದರು, ಟ್ಯಾಬಿಗೆ ಹಾಕಿದರು, ಕಾರಿನಲ್ಲಿ ಹಿಂದಿನದನ್ನು ತೋರಿಸುವ ಪರದೆಗೂ ಹಾಕಿದರು. ನಮ್ಮ ಮದುವೆಯ ಫೋಟೋಗಳನ್ನು ಒಂದಾದ ಮೇಲೊಂದು ತೋರಿಸುತ್ತಿದ್ದ ಡಿಜಿಟಲ್ ಫ್ರೇಮ್ ಒಂದಿತ್ತು. ಈಗ ಅದರಲ್ಲಿ ಧಾರೆ ನಡೆಯುವ ಹೊತ್ತಿಗೆ ಟ್ಯಾಂಕು ಬರುತ್ತದೆ.

ತಮಾಷೆಯೆಂದರೆ ಅವರು ಆಡುವುದಿಲ್ಲ. ವಾರಗಟ್ಟಲೆ ಒದ್ದಾಡಿ, ವಿಜಯನಗರದ ಗೆಳೆಯ ನಾಗೇಶನಿಗೆ ಫೋನು ಮಾಡಿ "ಗುರು, ಸೌಂಡ್ ಬರ್ತಿದೆ, ಪಿಕ್ಚರ್ ಬರ್ತಿಲ್ಲ", "ಮಗಾ, ಪಿಕ್ಚರ್ ಬಂತು, ಸೌಂಡ್ ಹೋಯ್ತು" ಎಂದು ಹೆರಿಗೆ ವಾರ್ಡಿನ ಮುಂದಿನ ಗಂಡಸಿನ ಹಾಗೆ ಅತ್ತಿತ್ತ ತಿರುಗಿ, ಕೊನೆಗೊಂದು ಸಂಜೆ "ಓಡ್ತು!" ಎಂದು ಕೂಗುತ್ತಾರೆ. ಒಂದು ನಿಮಿಷ ಕಣ್ಣು ತುಂಬ ನೋಡುತ್ತಾರೆ. ಆಮೇಲೆ ಮುಚ್ಚಿಟ್ಟು ಇನ್ನೊಂದು ಡಬ್ಬ ಹುಡುಕುತ್ತಾರೆ. ಆಡ್ರೀ ಎಂದರೆ "ಟೈಮ್ ಎಲ್ಲಿದೆ?" ಎನ್ನುತ್ತಾರೆ.

ಕಳೆದ ವರ್ಷ ಗೌರಿ ಹಬ್ಬ ಕಳೆದ ಮೇಲೆ ನಮ್ಮ ಅತ್ತೆಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಮಾತು ಉಳಿಯಿತು, ನಡಿಗೆ ಹಿಂತಿರುಗಿತು. ಎಡಗೈ ಮಾತ್ರ ಹಟ ಹಿಡಿದು ಕೂತಿತು, ಅದರಲ್ಲೂ ಹೆಬ್ಬೆರಳು. ಅತ್ತೆ ಎಂದರೆ ಮಾತಾಡುತ್ತ ಮಾತಾಡುತ್ತಲೇ ಎರಡು ಮೊಳ ಮಲ್ಲಿಗೆ ಕಟ್ಟಿ ಎಸೆಯುತ್ತಿದ್ದ ಹೆಂಗಸು. ಅವರು ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂರತೊಡಗಿದರು. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ಒಂದು ಹಳದಿ ರಬ್ಬರ್ ಚೆಂಡು ಕೊಟ್ಟು, "ಅಜ್ಜಿ, ಈಗ ಆಡಿಸಿದ್ರೆ ಹೆಬ್ಬೆರಳು ವಾಪಸ್ ಬರುತ್ತೆ. ಈ ಕೆಲವು ತಿಂಗಳು ಸುಮ್ನೆ ಬಿಟ್ರೆ ಹಾಗೇ ಕೂತ್ಬಿಡುತ್ತೆ, ಆಮೇಲೆ ಯಾರು ಏನು ಮಾಡಿದ್ರೂ ಕಷ್ಟ" ಎಂದು ನಮ್ಮೆಲ್ಲರ ಮುಂದೆಯೇ ಹೇಳಿದಳು.

ಅತ್ತೆ ಚೆಂಡನ್ನು ನೋಡಿದರು. "ಚೆಂಡು ಹಿಡ್ಕೊಂಡು ಆಡಕ್ಕೆ ನಾನೇನು ನಾಯಿಮರೀನೇ?" ಎಂದರು. ಅವತ್ತು ಚೆಂಡು ಮಂಚದ ಕೆಳಗೆ ಹೋಯಿತು. ನಾನು ತೆಗೆದುಕೊಟ್ಟೆ, ಮತ್ತೆ ಹೋಯಿತು. ಬೇಡಿಕೊಂಡೆ, ರೇಗಿದೆ, ಅಡುಗೆಮನೆಗೆ ಬಂದು ಒಂದಿಷ್ಟು ಕಣ್ಣೀರೂ ಹಾಕಿದೆ. "ಬಿಡೇ, ಇನ್ನೇನು ಹೊರಡೋ ಕಾಲ. ಈ ಕೈ ಇದ್ರೇನು, ಹೋದ್ರೇನು" ಎಂದು ಅವರು ಗೋಡೆ ಕಡೆ ತಿರುಗಿ ಮಲಗಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಕೈಗಿಂತ ಮೊದಲು ಮನಸ್ಸು ಬಿದ್ದುಹೋಗುತ್ತಿತ್ತು.

ಮಗ ಏನು ಮಾಡಿದರು ಎನ್ನುತ್ತೀರಾ? ಬೆರಳಿನ ವ್ಯಾಯಾಮದ ಮಾಡ್ ಆ್ಯಪ್ ತಂದರು. ಅದರಲ್ಲೊಬ್ಬ ಬಿಳೀ ಹೆಂಗಸು ಇಂಗ್ಲಿಷಿನಲ್ಲಿ ಮುಷ್ಟಿ ಕಟ್ಟಿ, ಬಿಡಿ ಎನ್ನುತ್ತಿದ್ದಳು. ಮುಷ್ಟಿ ಕಟ್ಟಿದ ಮೇಲೆ, ಬಿಡಿ ಎನ್ನುವುದರೊಳಗೆ, ಇಸ್ಪೀಟಿನ ಜಾಹೀರಾತು ನುಗ್ಗಿ ಬಂತು. ಜಾಹೀರಾತು ಕಿತ್ತ ಮಾಡ್ ಅಂತೆ ಅದು! ಅತ್ತೆ ಫೋನನ್ನು ಬಲಗೈಯಲ್ಲಿ ಎತ್ತಿ ಮಗನ ಕೈಗೆ ಕೊಟ್ಟು, "ತಗೊಂಡ್ಹೋಗಿ ನೀನೇ ಆಡು" ಎಂದರು.

ಅವಮಾನವಾದ ಗಂಡಸು ತನ್ನ ಕೋಣೆಗೆ ಹೋಗುವಂತೆ ಇವರು ಹಾಲಿಗೆ ಹೋಗಿ ಟಿವಿಗೆ ಇನ್ನೊಂದು ಹೊಸ ಎಮ್ಯುಲೇಟರ್ ಹಾಕುತ್ತ ಕೂತರು. ಅಪರೂಪಕ್ಕೆ ಮೊದಲ ಸಲಕ್ಕೇ ಓಡಿತು. ಟ್ಯಾಂಕ್ ಆಟ ಶುರುವಾಗುವಾಗಿನ ಆ ತಗಡು ತುತ್ತೂರಿ ಮನೆಯೆಲ್ಲ ಮೊಳಗಿತು. ನಾನು ಸೊಪ್ಪು ಬಿಡಿಸುತ್ತಿದ್ದೆ. ಅತ್ತೆಯ ಕೋಣೆಯಿಂದ ದನಿ ಬಂತು.

"ಎಡಗಡೆ ಇಟ್ಟಿಗೆ ಒಡೀಬೇಡ್ವೋ ಮುಂಡೇದೆ. ಅಲ್ಲಿಂದ್ಲೇ ಒಳಗೆ ಬರ್ತಾನೆ ಅವನು."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅತ್ತೆಗೆ ಅಲ್ಲಿಂದ ಟಿವಿ ಕಾಣುವುದೇ ಇಲ್ಲ.

"ಅಮ್ಮಾ, ನಿಂಗೆ ಹೇಗೆ ಗೊತ್ತು?"

ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದುಕೊಂಡು ಅವರೇ ಬಂದು ಸೋಫಾದಲ್ಲಿ ಕೂತರು. ವಿಷಯ ಹೊರಬಿದ್ದದ್ದು ಹೀಗೆ. ಆಗ ಅವರೆಲ್ಲ ರಾಜಾಜಿನಗರದ ವಠಾರವೊಂದರಲ್ಲಿ ಇದ್ದರು. ಟಿವಿ ಗೇಮ್ ಆಡಿದರೆ ಪಿಕ್ಚರ್ ಟ್ಯೂಬ್ ಹೋಗುತ್ತದೆ ಎಂದು ಇಡೀ ವಠಾರವೇ ನಂಬಿದ್ದ ಕಾಲ. ಆ ನಂಬಿಕೆಯ ಕಾವಲುಗಾರ್ತಿ ನಮ್ಮ ಅತ್ತೆ. ಪರೀಕ್ಷೆ ಹತ್ತಿರ ಬಂದರೆ ಗೇಮ್ ಡಬ್ಬ, ಜಾಯ್‌ಸ್ಟಿಕ್, ಅಡಾಪ್ಟರ್ ಎಲ್ಲವನ್ನೂ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿಟ್ಟು ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಮಗ ಸ್ಕೂಲಿಗೆ, ಮಾವ ಕೆಲಸಕ್ಕೆ ಹೋದ ಮೇಲೆ, ಹಪ್ಪಳ ಒಣಹಾಕಿ ಬಂದು, ಬಾಗಿಲು ಹಾಕಿಕೊಂಡು, ಅದೇ ಬೀಗ ತೆಗೆದು ತಾವು ಆಡುತ್ತಿದ್ದರು.

"ಅದಕ್ಕೇ!" ಎಂದರು ನಮ್ಮವರು. ವರ್ಷಾನುಗಟ್ಟಲೆ ಹುದುಗಿದ್ದ ಸಂಶಯ ಈಗ ಎದ್ದು ನಿಂತಿತ್ತು. "ಅದಕ್ಕೇ ಸಂಜೆ ಬಂದು ಮುಟ್ಟಿದ್ರೆ ಟಿವಿ ಬಿಸಿ ಇರ್ತಿತ್ತು! ಬೇಸಿಗೆ ಕಣೋ, ಎಲ್ಲಾ ಬಿಸಿಯಾಗುತ್ತೆ ಅಂತಿದ್ದೆ ನೀನು!"

"ಬೇಸಿಗೇನೂ ಇತ್ತಲ್ಲ" ಎಂದರು ಅತ್ತೆ.

"ಎಷ್ಟನೇ ಲೆವೆಲ್‌ವರೆಗೂ ಹೋಗಿದ್ದೆ?"

"ಲೆಕ್ಕ ಯಾರಿಟ್ರು. ಹಪ್ಪಳ ಮಗುಚೋ ಹೊತ್ತಾದ್ರೆ ಏಳ್ತಿದ್ದೆ. ನಿನ್ನ ಥರ ಎರಡನೇ ಲೆವೆಲ್‌ಗೇ ಕೋಟೆ ಕಳ್ಕೊಂಡು ಅಳ್ತಿರ್ಲಿಲ್ಲ."

ಮಾರನೆಯ ದಿನವೇ ನಮ್ಮವರು ಎಲೆಕ್ಟ್ರಾನಿಕ್ಸ್ ಸಾಮಾನಿನ ಎಸ್.ಪಿ. ರೋಡಿಗೆ ಹೋಗಿ ಹಳೇ ಥರದ ಜಾಯ್‌ಸ್ಟಿಕ್ ಒಂದು ಜೋಡಿ ತಂದರು. ಹೊಗಳಬೇಕಾದಲ್ಲಿ ಹೊಗಳುತ್ತೇನೆ, ಅದೊಂದು ಒಳ್ಳೆ ಕೆಲಸ ಮಾಡಿದರು. ಎಡಗಡೆ ದಿಕ್ಕು ತಿರುಗಿಸುವ ಗುಂಡಿ, ಬಲಗಡೆ ಗುಂಡು ಹಾರಿಸುವ ಗುಂಡಿ. ಎಡಗಡೆಯದನ್ನು ಒತ್ತಬೇಕಾದ್ದು ಎಡಗೈ ಹೆಬ್ಬೆರಳೇ! ಫಿಸಿಯೋಥೆರಪಿ ಹುಡುಗಿ ಅದನ್ನು ನೋಡಿ, ನನ್ನ ಕಡೆ ತಿರುಗಿ, "ಆಂಟಿ, ಚೆಂಡು ಬಿಸಾಕಿ, ಇದನ್ನೇ ಆಡಿಸಿ" ಎಂದು ನಕ್ಕಳು. ಅತ್ತೆ ದಿನಾ ಕಾಫಿಯಾದ ಮೇಲೆ ಟಿವಿ ಮುಂದೆ ಕೂತರು. ಸರೋಜಾ ಆಂಟಿ ನೋಡಲು ಬಂದು ಅಲ್ಲೇ ಬೀನ್ಸ್ ಬಿಡಿಸಿದರು. ಬಾಂಬು ಸಿಡಿಯಿತು, ಲೆವೆಲ್ಲುಗಳು ದಾಟಿದವು, ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಕೆಲವು ದಿನ ಕಳೆದ ಮೇಲೆ ನನ್ನ ಕಣ್ಣಿಗೆ ಬಿತ್ತು. ಅತ್ತೆಯ ಬಲ ಹೆಬ್ಬೆರಳು ಟಕಟಕ ಬಡಿಯುತ್ತಿದೆ. ಎಡ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಮಲಗಿದೆ. ಟ್ಯಾಂಕು ಹುಟ್ಟಿದ ಜಾಗದಲ್ಲೇ ನಿಂತಿದೆ. ಶತ್ರುಗಳು ಬಂದು ಗುಂಡು ಹಾರಿಸುತ್ತಾರೆ, ಇದಕ್ಕೇನೂ ಆಗುವುದಿಲ್ಲ. ಕೋಟೆಯ ಸುತ್ತ ಇಟ್ಟಿಗೆಯಿಲ್ಲ, ಉಕ್ಕಿನ ಗೋಡೆ. ಅಷ್ಟರಲ್ಲಿ ಅತ್ತೆ ಜಾಯ್‌ಸ್ಟಿಕ್ ಕೆಳಗಿಟ್ಟರು.

"ರವಿ, ಇದರಲ್ಲಿ ಸಾಯೋದೇ ಇಲ್ವಲ್ಲೋ."

"ಹೂಂ ಅಮ್ಮ" ಎಂದರು ಮಗ ಹೆಮ್ಮೆಯಿಂದ. "ಅನ್‌ಲಿಮಿಟೆಡ್ ಲೈಫ್ ಮಾಡ್ ಅದು. ನಿಂಗೆ ಕಷ್ಟ ಆಗಬಾರದು ಅಂತ ಹುಡುಕಿ ಹಾಕಿದೀನಿ."

"ಸಾಯೋದೇ ಇಲ್ಲ ಅಂದ್ಮೇಲೆ ಯಾಕೋ ತಪ್ಪಿಸ್ಕೋಬೇಕು? ಗೂಟದ ಥರ ನಿಂತಿದ್ರೂ ಗೆಲ್ತೀನಿ. ಮೊದಲಿನ ಥರ ಮೂರೇ ಮೂರು ಪ್ರಾಣ ಇರೋದು ಹಾಕು. ಇಲ್ದಿದ್ರೆ ಬೇಡ ನಂಗೆ."

ಎದ್ದು ಹೋಗಿ ಮತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದರು.

ಆಗ ಶುರುವಾಯಿತು ನೋಡಿ ಹುಡುಕಾಟ. ನಮ್ಮವರು ಸಾಯುವ ಆಟಕ್ಕಾಗಿ ಮನೆಯ ಎಲ್ಲ ಡಬ್ಬಗಳನ್ನೂ ತೆರೆದರು. ಒಂದರಲ್ಲಿ ಪ್ರಾಣ ಅನ್‌ಲಿಮಿಟೆಡ್, ಇನ್ನೊಂದರಲ್ಲಿ ಗುಂಡು ಅನ್‌ಲಿಮಿಟೆಡ್. ಕಾರಿನ ಪರದೆಯಲ್ಲಿದ್ದದ್ದರಲ್ಲಿ ಶತ್ರುಗಳೇ ಬರುವುದಿಲ್ಲ, ಟ್ಯಾಂಕು ಕಬ್ಬನ್ ಪಾರ್ಕಿಗೆ ವಾಕಿಂಗ್ ಬಂದಂತೆ ಸುತ್ತುತ್ತದೆ. ನಾಗೇಶನಿಗೆ ಫೋನು ಹೋಯಿತು. "ಮಚ್ಚಾ, ಪ್ಲೇನ್ ಇದೆಯೇನೋ? ಏನೂ ಮಾಡದೇ ಇರೋದು?" ಅವನು ಅವರ ಹಳೇ ಗೇಮಿನ ಗ್ರೂಪಿಗೆ ಕೇಳಿದ. ಕೆಂಗೇರಿಯಿಂದ, ಉಲ್ಲಾಳದಿಂದ, ದೀಪಾಂಜಲಿ ನಗರದಿಂದ ಬೊಜ್ಜು ಬಂದ ಗಂಡಸರು ಒಬ್ಬರಾದ ಮೇಲೊಬ್ಬರು ಫೈಲು ಕಳಿಸಿದರು. ಎಲ್ಲವೂ ಅಮರ. ಒಂದು ಫೈಲಂತೂ ತೆರೆದ ಕೂಡಲೇ ನೀವು ಗೆದ್ದಿರಿ ಎಂದು ತೋರಿಸಿ ಮುಚ್ಚಿಕೊಂಡಿತು. ಪಶ್ಚಿಮ ಬೆಂಗಳೂರಿನ ಇಷ್ಟು ಜನ ಗಂಡಸರ ಹತ್ತಿರ, ಸೋಲುವುದಕ್ಕೆ ಅವಕಾಶವಿರುವ ಒಂದೇ ಒಂದು ಆಟ ಇರಲಿಲ್ಲ! ಡೌನ್‌ಲೋಡ್ ಮಾಡಿದ್ದರಲ್ಲಿ ಏನೋ ಹುಳ ಸೇರಿ ಟಿವಿಯೂ ಕೈಕೊಟ್ಟಿತು. ಇವರು ಅದರ ಕ್ಯಾಶ್ ಕ್ಲಿಯರ್ ಮಾಡುತ್ತ ಕೂತರು. ಒಳಗೆ ಅತ್ತೆ ಊಟಕ್ಕೂ ಎಡಗೈ ಹೊರಗೆ ತೆಗೆಯುತ್ತಿರಲಿಲ್ಲ.

"ರೀ, ಆ ಆಟ ಮಾಡಿದ ಕಂಪನಿಯವರೇ ಮಾರೋದಿಲ್ವಾ?" ಎಂದು ಕೇಳಿದೆ.

"ಮಾರ್ತಾರೆ. ದುಡ್ಡು ಕೊಡಬೇಕು" ಎಂದರು. ಕಿಡ್ನಿ ಕೊಡಬೇಕು ಎನ್ನುವ ದನಿಯಲ್ಲಿ.

"ಅದರಲ್ಲಿ ಮೂರು ಪ್ರಾಣಾನಾ?"

"ಮೂರೇ. ಏನೂ ಅನ್‌ಲಾಕ್ ಆಗಿರಲ್ಲ. ವೇಸ್ಟ್ ಕಣೇ, ಅದನ್ನ ಯಾರು ತಗೋತಾರೆ?"

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮಮ್ಮನ ಕೈ ಹೋಗ್ತಾ ಇದೆ, ನೀವಿನ್ನೂ ಪುಕ್ಕಟೆ ಹುಡುಕ್ತಾ ಇದೀರಲ್ರೀ! ನಾಚಿಕೆ ಆಗಲ್ವಾ?" ಎಂದುಬಿಟ್ಟೆ. ಮದುವೆಯಾದ ಮೇಲೆ ಅಷ್ಟು ಜೋರಾಗಿ ಅವರಿಗೆ ಮಾತಾಡಿದ್ದು ಅದೇ ಮೊದಲು ಎಂದು ಬರೆದರೆ ನೀವು ನಂಬುವುದಿಲ್ಲ, ಬಿಡಿ. ಅವರು ಟಿವಿಯನ್ನು ಹೊಸದಾಗಿ ಸೆಟ್ ಮಾಡಿ, ಜೇಬಿನಿಂದ ಕಾರ್ಡು ತೆಗೆದು, ಅದರ ಅಂಕಿಗಳನ್ನು ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿಕೊಂಡು ಒತ್ತಿದರು. ಅದು ಆಗುವಷ್ಟರಲ್ಲಿ ನನ್ನ ಒಗ್ಗರಣೆ ಕೂಡ ಸಿಡಿದಿರಲಿಲ್ಲ. ಆಟ ಓಡಿತು. ಸೌಂಡೂ ಬಂತು, ಪಿಕ್ಚರ್ರೂ ಬಂತು, ನಾಗೇಶನಿಗೆ ಫೋನು ಮಾಡುವ ಪ್ರಸಂಗವೇ ಬರಲಿಲ್ಲ. ಪಾಪ, ಅವರಿಗೆ ಏನೋ ಕಳೆದುಕೊಂಡಂತಾಯಿತು.

ಅತ್ತೆ ಬಂದು ಕೂತರು. ಮೊದಲ ಲೆವೆಲ್ಲಿನಲ್ಲೇ ಮೂರು ಪ್ರಾಣವೂ ಹೋಯಿತು. ಎಡ ಹೆಬ್ಬೆರಳು ಏಳಲೊಲ್ಲದು, ಗುಂಡು ನೇರ ಬಂದು ಬಡಿಯುತ್ತಿತ್ತು. "ಥೂ ದರಿದ್ರದ್ದೇ" ಎಂದು ಬೆರಳಿಗೇ ಬೈದರು. ಮತ್ತೆ ಹಾಕಿಸಿಕೊಂಡರು, ಮತ್ತೆ ಸತ್ತರು. ಮರುದಿನವೂ ಅದೇ, ವಾರವೆಲ್ಲ ಅದೇ. ಸಾಯುವುದು, ಬೈಯುವುದು, ಇನ್ನೊಂದಾಟ. ಹಟಕ್ಕೆ ಬಿದ್ದ ನಮ್ಮ ಅತ್ತೆಯನ್ನು ನೀವು ನೋಡಿಲ್ಲ, ಅದಕ್ಕೇ ನೆಮ್ಮದಿಯಾಗಿದ್ದೀರಿ. ಕಾರ್ತಿಕ ಮಾಸ ಮುಗಿಯುವ ಹೊತ್ತಿಗೆ ಟ್ಯಾಂಕು ಪಕ್ಕಕ್ಕೆ ಸರಿಯಿತು. ನಿಧಾನಕ್ಕೆ, ಒಂದು ಇಟ್ಟಿಗೆಯಷ್ಟು ದೂರ. ನಾನೂ ಸರೋಜಾ ಆಂಟಿಯೂ ಕೂಗಿಕೊಂಡೆವು. ಅತ್ತೆ ನಮ್ಮನ್ನು ಸುಮ್ಮನಿರಿ ಎಂದು ಗದರಿದರು, ಆಟ ಕೆಡುತ್ತದಂತೆ.

ಆಮೇಲೊಂದು ಭಾನುವಾರ ಅತ್ತೆ ಇನ್ನೊಂದು ಜಾಯ್‌ಸ್ಟಿಕ್ ಅನ್ನು ಮಗನ ಕಡೆ ತಳ್ಳಿ, "ಬಾ, ಜೋಡಿಯಾಗಿ ಆಡೋಣ. ನೀನು ಕೋಟೆ ಕಾಯಿ ಸಾಕು" ಎಂದರು. ಇಷ್ಟು ವರ್ಷ ಊರಿನ ಎಲ್ಲ ಯಂತ್ರಗಳಲ್ಲೂ ಆ ಆಟ ಓಡಿಸಿದ್ದ ಮನುಷ್ಯ ತಪ್ಪಿಸಿಕೊಳ್ಳಲಾಗದೆ ಕೂತರು. ಅತ್ತೆ ಎಡಕ್ಕೂ ಬಲಕ್ಕೂ ತಡವರಿಸುತ್ತ, ಆದರೆ ತಾವೇ ತಿರುಗುತ್ತ, ಶತ್ರುಗಳನ್ನು ಉರುಳಿಸಿದರು. ಮೂರನೇ ಲೆವೆಲ್ ಬಂತು, ನಾಲ್ಕನೆಯದು ಬಂತು. ಕೊನೆಯದೊಂದೇ ಟ್ಯಾಂಕು ಉಳಿದಿತ್ತು. ಅದು ಕೆಳಗಿಳಿಯುವುದನ್ನು ಕಂಡು ನಮ್ಮವರು ಗಾಬರಿಯಿಂದ ತಮ್ಮ ಟ್ಯಾಂಕನ್ನು ಹಿಂದಕ್ಕೆ ತಿರುಗಿಸಿ, ಗುಂಡಿ ಒತ್ತಿ, ತಾವು ಕಾಯಬೇಕಾದ ಕೋಟೆಯನ್ನು ತಾವೇ ಉಡಾಯಿಸಿದರು.

ಆಟ ಮುಗಿಯಿತು. ಅತ್ತೆ ಜಾಯ್‌ಸ್ಟಿಕ್ಕನ್ನು ತೊಡೆಯ ಮೇಲಿಟ್ಟು, ಎಡಗಡೆ ಕೂತಿದ್ದ ಮಗನ ಕಡೆ ತಿರುಗಿ, ಕೈ ಎತ್ತಿ ನೆತ್ತಿಯ ಮೇಲೊಂದು ಮೊಟಕಿದರು. ಎಡಗೈಯಿಂದ. ಬೆರಳು ಮಡಿಸಿ, ಗೆಣ್ಣು ತಾಗುವ ಹಾಗೆ.

ನಮ್ಮವರು ತಲೆ ಸವರಿಕೊಳ್ಳುತ್ತ ಆ ಕೈಯನ್ನೇ ನೋಡಿದರು. ಕಣ್ಣಲ್ಲಿ ಬಳಬಳ ನೀರು. ನಾನು ಬಾಯಿಗೆ ಸೆರಗು ಹಿಡಿದುಕೊಂಡು ನಿಂತಿದ್ದೆ. ಅತ್ತೆಗೆ ಮಾತ್ರ ತಮ್ಮ ಕೈ ಏನು ಮಾಡಿತೆಂಬುದರ ಪರಿವೆಯೇ ಇರಲಿಲ್ಲ. ಅವರು ನೋಡುತ್ತಿದ್ದದ್ದು ಮಗನ ಎರಡು ಗಟ್ಟಿಮುಟ್ಟು ಕೈಗಳನ್ನು.

"ನಿನ್ನ ಕೈಗೆ ಏನು ಬಂದಿದೆಯೋ ರವಿ?"